ಕಾರಣವಿಲ್ಲದ ಒಂದು ತಿಂಗಳು

ಇಪ್ಪತ್ತೊಂಬತ್ತು ವರ್ಷ ಧಾರವಾಡದ ಒಂದೇ ಕಾಲೇಜಿನ ಗ್ರಂಥಾಲಯದಲ್ಲಿ ದುಡಿದ ನಾನು ಹೋದ ಆಷಾಢದಲ್ಲಿ ಒಂದು ತಿಂಗಳ ಗಳಿಕೆ ರಜೆಗೆ ಅರ್ಜಿ ಬರೆದೆ. ಅರ್ಜಿಯ ನಮೂನೆಯಲ್ಲಿ 'ಕಾರಣ' ಎಂಬ ಕಾಲಂ ಇದೆ. ಅದರಲ್ಲಿ 'ವಿಶ್ರಾಂತಿ, ಪ್ರವಾಸ, ಸೇವೆ' ಎಂದು ಬರೆದೆ. ಮೂರನೆಯ ದಿನ ಅರ್ಜಿ ಮರಳಿ ಬಂತು. ಮೂರೂ ಪದಗಳ ಸುತ್ತ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ತಮ್ಮ ಸ್ವಂತ ಅಕ್ಷರದಲ್ಲಿ 'ಇವು ಕಾರಣಗಳಲ್ಲ' ಎಂದು ಬರೆದಿದ್ದರು. ನನಗಾದ ಅನ್ಯಾಯ ಇದು. ಇದನ್ನು ಮೊದಲೇ ಹೇಳಿಬಿಡುವುದು ಲೇಸು, ಏಕೆಂದರೆ ಮುಂದಿನ ಪ್ರವಾಸದ ಪ್ರತಿ ಮೈಲಿಯಲ್ಲೂ ಆ ಕೆಂಪು ಗೆರೆ ನನ್ನ ಜೊತೆಗಿತ್ತು.

ನಮ್ಮ ಕಚೇರಿಯ ಪದ್ಧತಿ ಹೊರಗಿನವರಿಗೆ ತಿಳಿಯದು. ಅಲ್ಲಿ ನಿಜವಾದ ಕಾರಣಕ್ಕೆ ಯಾರೂ ರಜೆ ಪಡೆದದ್ದಿಲ್ಲ. ರಜೆ ಬೇಕಾದವರು ಅರ್ಜಿಗೆ ಒಂದು ಲಗ್ನಪತ್ರಿಕೆಯನ್ನೋ ವೈದ್ಯರ ಚೀಟಿಯನ್ನೋ ಲಗತ್ತಿಸಬೇಕು. ಇದಕ್ಕಾಗಿಯೇ ಕಚೇರಿಯ ಕಪಾಟಿನ ಮೇಲೆ ಹಳೆಯ, ಹೊಸ ಪತ್ರಿಕೆಗಳ ಒಂದು ಕಟ್ಟು ಇದೆ. ಸಿಪಾಯಿ ದುಂಡಪ್ಪ ಅವುಗಳನ್ನು ತಿಂಗಳವಾರು ಜೋಡಿಸಿಟ್ಟಿದ್ದಾನೆ. ಸ್ವತಃ ಕಚೇರಿ ಅಧೀಕ್ಷಕರು ವರ್ಷಕ್ಕೆರಡು ಬಾರಿ ಆ ಕಟ್ಟಿನಿಂದಲೇ ಬಂಧುಗಳನ್ನು ಪಡೆಯುತ್ತಾರೆ. ಮರಳಿದ ಅರ್ಜಿ ಹಿಡಿದು ನಿಂತ ನನ್ನನ್ನು ಕಂಡು ದುಂಡಪ್ಪನಿಗೆ ಕನಿಕರವಾಯಿತು. "ಆಷಾಢದಾಗ ಲಗ್ನ ಇರಂಗಿಲ್ರಿ ಅಕ್ಕಾರ. ಜವಳದ್ದು ಒಂದ ಐತಿ, ಕೊಡಲಿ?" ಎಂದ. ಯಾರದೋ ಕೂಸಿನ ಕೂದಲು ತೆಗೆಸುವ ಕಾರ್ಯಕ್ಕೆ ಒಂದು ತಿಂಗಳ ರಜೆ. ಅದು ಕಾರಣವಾಗುತ್ತಿತ್ತು.

ನಾನು ಬೇಡವೆಂದೆ. ಹಟಕ್ಕೆ ಹಿಂದಿನ ನೆನಪೂ ಸೇರಿತ್ತು. ನನ್ನ ತಾಯಿ ಹಾಸಿಗೆ ಹಿಡಿದ ವರ್ಷ ಹದಿನೈದು ದಿನ ಕೇಳಿದ್ದೆ. ವೈದ್ಯರ ಚೀಟಿ ಇಲ್ಲವೆಂದು ನಾಲ್ಕು ದಿನ ಕೊಟ್ಟರು. ಐದನೆಯ ದಿನ ನಾನು ಕೆಲಸಕ್ಕೆ ಹಾಜರಾಗಿದ್ದಾಗ ಆಕೆ ತೀರಿಕೊಂಡಳು. ಆ ಅರ್ಜಿಯ ಬಲಮೂಲೆಯಲ್ಲಿ ಅಂದಿನ ಅಧೀಕ್ಷಕರ ಚಹದ ಬಟ್ಟಲಿನ ಗುರುತು ದುಂಡಗೆ ಇತ್ತು. ಗ್ರಂಥಾಲಯದ ಮಾಳಿಗೆ ಸೋರಿದ ವರ್ಷ ಎರಡು ರಾತ್ರಿ ನಿಂತು ಪುಸ್ತಕ ಸಾಗಿಸಿದವಳು ನಾನು. ವಾರ್ಷಿಕ ವರದಿಯಲ್ಲಿ ಕೃತಜ್ಞತೆ ಸಂದದ್ದು 'ಸಿಬ್ಬಂದಿ ವರ್ಗಕ್ಕೆ'. ಇಂಥವು ಇನ್ನೂ ಇವೆ, ಸದ್ಯಕ್ಕೆ ಇಷ್ಟು ಸಾಕು.

ಅದೇ ಮೂರು ಪದಗಳನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆದು ಎರಡನೆಯ ಅರ್ಜಿ ಕೊಟ್ಟೆ. ಈ ಸಲ ರಜೆ ಮಂಜೂರಾಯಿತು, ಒಂದು ಷರತ್ತಿನೊಂದಿಗೆ: ಮರಳಿ ಹಾಜರಾಗುವ ದಿನ ಸಮರ್ಪಕ ದಾಖಲೆ ಒದಗಿಸತಕ್ಕದ್ದು, ತಪ್ಪಿದಲ್ಲಿ ಈ ಅವಧಿಯನ್ನು ಗೈರುಹಾಜರಿ ಎಂದು ಸೇವಾ ಪುಸ್ತಕದಲ್ಲಿ ನಮೂದಿಸಲಾಗುವುದು. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಅಕ್ಷರವೂ ಬಿದ್ದಿಲ್ಲ. ನಿವೃತ್ತಿಗೆ ಎರಡೂವರೆ ವರ್ಷ ಉಳಿದಿದೆ. ಅದನ್ನು ಅವರೂ ಲೆಕ್ಕ ಹಾಕಿಯೇ ಬರೆದಿದ್ದರು. ನಾನು ಯಾವ ಪುಸ್ತಕ, ಯಾವ ದಾಖಲೆ ಎಲ್ಲಿದೆ ಎಂಬುದರ ಎಂಟು ಪುಟದ ಟಿಪ್ಪಣಿ ಬರೆದು, ಅಧೀಕ್ಷಕರಿಂದ ಸಹಿ ಪಡೆದು, ಕೀಲಿಕೈ ಒಪ್ಪಿಸಿ ಹೊರಬಿದ್ದೆ.

ಮರುದಿನ ಬೆಳಿಗ್ಗೆ ಏಳರ ಬಸ್ಸು. ಸವದತ್ತಿ, ಯರಗಟ್ಟಿ ಮಾರ್ಗವಾಗಿ ಗೋಕಾಕಕ್ಕೆ ಸುಮಾರು ನೂರು ಕಿಲೋಮೀಟರ್. ಹೆಂಗಸರಿಗೆ ಟಿಕೆಟ್ ಉಚಿತವಾದ್ದರಿಂದ ನಿರ್ವಾಹಕರು ಆಧಾರ್ ನೋಡಿ ಸೊನ್ನೆ ಬರೆದ ಚೀಟಿ ಹರಿದುಕೊಟ್ಟರು. ಪಕ್ಕದಲ್ಲಿ ಕುಳಿತ ಮುದುಕಿ ಮಡಿಲಲ್ಲಿ ಬದನೆಕಾಯಿಯ ಚೀಲ ಇಟ್ಟುಕೊಂಡು, ಯಾವ ಕಾರ್ಯಕ್ಕೆ ಹೊರಟಿರುವೆನೆಂದು ವಿಚಾರಿಸಿದಳು. ನಾನು ಸುಮ್ಮನೆ ಹೊರಟಿದ್ದೇನೆ ಎಂದೆ. "ಸುಮ್ಮನ ಹೋಗೂದು ಬಾಳ ಚೊಲೋ ಬಿಡ್ರಿ. ನಾ ಒಮ್ಮೆನೂ ಹೋಗಿಲ್ಲ," ಎಂದು ಕಣ್ಣು ಮುಚ್ಚಿ ಯರಗಟ್ಟಿಯ ತನಕ ನಿದ್ದೆ ಮಾಡಿದಳು. ನಮ್ಮ ಕಾರ್ಯದರ್ಶಿಗಳಿಗಿಂತ ಆಕೆಗೆ ವಿಷಯ ಬೇಗ ತಿಳಿಯಿತು.

ಗೋಕಾಕದಿಂದ ಗೋಕಾಕ ಫಾಲ್ಸ್ ಆರು ಕಿಲೋಮೀಟರ್. ಅಲ್ಲಿ ನನ್ನ ಬಿ.ಎ. ತರಗತಿಯ ಗೆಳತಿ ಸಾವಿತ್ರಿ ಇದ್ದಾಳೆ. ಅವಳ ಗಂಡ ಈರಣ್ಣ ಮಿಲ್ಲಿನ ನೂಲುವ ಖಾತೆಯಲ್ಲಿ ದುಡಿದು ನಿವೃತ್ತರಾದವರು. ಬಂಡೆಗೆ ಆತುಕೊಂಡಂತಿರುವ ಅವರ ಮನೆಯಲ್ಲಿ ಮಳೆಗಾಲದ ಮೂರು ತಿಂಗಳು ಗೋಡೆಗೆ ಕಿವಿಯಿಟ್ಟರೆ ನೀರಿನ ಸದ್ದು ಕೇಳುತ್ತದೆ. ನಾನು ಹೋದಾಗ ಘಟಪ್ರಭೆ ಕೆಂಪಾಗಿ ತುಂಬಿ ಬೀಳುತ್ತಿದ್ದಳು. ತೂಗುಸೇತುವೆಯ ಮೇಲೆ ಜನರನ್ನು ಬಿಡುತ್ತಿರಲಿಲ್ಲ. ಜಿಟಿಜಿಟಿ ಮಳೆ, ಸುಟ್ಟ ಗೊಂಜಾಳದ, ಅಂದರೆ ಮೆಕ್ಕೆಜೋಳದ ತೆನೆಯ ವಾಸನೆ, ಮೊಬೈಲು ಎತ್ತಿ ಹಿಡಿದ ಜನ.

ವಿಶ್ರಾಂತಿ ಪಡೆಯುವುದು ನನಗೆ ಬರುವುದಿಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. ಐದಕ್ಕೆ ಎಚ್ಚರವಾಗುತ್ತಿತ್ತು. ಎಂಟರೊಳಗೆ ಸಾವಿತ್ರಿಯ ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿ, ಚೀಟಿ ಅಂಟಿಸಿದ್ದೆ. ಎರಡನೆಯ ದಿನ ಅವರ ಮನೆಯ ಕರೆಂಟ್ ಬಿಲ್ಲುಗಳನ್ನು ವರ್ಷವಾರು ಪೋಣಿಸಿದೆ. ಮೂರನೆಯ ದಿನ ಸಾವಿತ್ರಿ ಸೌಟು ಹಿಡಿದು ಬಂದಳು.

"ಗಿರಿಜಾ, ನೀ ದಣಿವಾರಸ್ಕೊಳ್ಳಾಕ ಬಂದೀಯೋ, ನನ್ನ ಡಬ್ಬಿಗೆ ನಂಬರ ಹಚ್ಚಾಕ ಬಂದೀಯೋ? ಜೀರಗಿ ಹುಡುಕಾಕ ನಾ ಈಗ ಅ ಆ ಇ ಈ ಅನ್ಕೋತ ನಿಂದರಬೇಕಾಗೇತಿ."

ಈರಣ್ಣ ಮಾತ್ರ ನಗಲಿಲ್ಲ. ನಿವೃತ್ತರಾದ ಮೇಲೆ ಒಂದು ವರ್ಷ ಅವರೂ ಪಾಳಿಗೆ ಕರೆಯುವ ಮಿಲ್ಲಿನ ಭೋಂಗಾ ಕೂಗಿದ ಕೂಡಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತುಬಿಡುತ್ತಿದ್ದರಂತೆ. "ಸಾಹೇಬ್ರು ರಜಾ ಕೊಟ್ರ ಮುಗೀಲಿಲ್ರಿ ಅಕ್ಕಾರ. ಮೈ ಮಂಜೂರ ಮಾಡಬೇಕು. ಅದು ಬಾಳ ಕಟ್ಟುನಿಟ್ಟಿನ ಸಾಹೇಬ," ಎಂದರು.

ನನ್ನ ಮೈ ಮಂಜೂರು ಮಾಡಿದ್ದು ಐದನೆಯ ದಿನ. ಅಂದು ಹನ್ನೊಂದರಿಂದ ಒಂದು ಗಂಟೆಯವರೆಗೆ ಜಲಪಾತದ ಎದುರಿನ ಬಂಡೆಯ ಮೇಲೆ ಏನೂ ಮಾಡದೆ ಕುಳಿತಿದ್ದೆ. ಹೀಗೆ ಕುಳಿತದ್ದು ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಬೇಸಿಗೆಯ ನಂತರ ಇದೇ ಮೊದಲು. ಫೋಟೊ ತೆಗೆಯಲು ಬಂದ ಒಂದು ಕುಟುಂಬದ ಯಜಮಾನರು ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು; ಸರಿಯಲಿಲ್ಲ. ಅವರ ಹೆಂಡತಿ ಯಾರ ಜೊತೆ ಬಂದಿರುವೆನೆಂದು ಕೇಳಿದರು. ಯಾರ ಜೊತೆಗೂ ಬಂದಿಲ್ಲ, ನಾನೇ ಬಂದಿದ್ದೇನೆ ಎಂದೆ. ಆಕೆ ಗಂಡನ ಕಡೆಗೊಮ್ಮೆ, ನೀರಿನ ಕಡೆಗೊಮ್ಮೆ ನೋಡಿ ನನ್ನ ಪಕ್ಕದಲ್ಲೇ ಕುಳಿತುಬಿಟ್ಟರು. ಅವರ ಫೋಟೊದಲ್ಲಿ ನಾನೂ ಇದ್ದೇನೆ.

ಗೋಕಾಕದಲ್ಲಿ ಒಂಬತ್ತು ದಿನ ಕಳೆದವು. ಹೊರಡುವಾಗ ಸಾವಿತ್ರಿ ಅರ್ಧ ಕಿಲೋ ಕರದಂಟು ಚೀಲಕ್ಕೆ ತುರುಕಿ, ಡಬ್ಬಿಗಳ ಚೀಟಿ ಈಗಾಗಲೇ ಕಿತ್ತಿದ್ದೇನೆಂದು ತಿಳಿಸಿದಳು.

ಮುಂದಿನ ಊರು ಮೂಡಲಗಿ. ಸಾವಿತ್ರಿಯ ಸೋದರಮಾವನ ಮಗ ಅಲ್ಲಿಂದ ಆರು ಕಿಲೋಮೀಟರ್ ದೂರದ ಒಂದು ತೋಟದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು. ಆ ಕಡೆ ರೈತರು ಊರು ಬಿಟ್ಟು ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಅಂಥ ಹತ್ತಿಪ್ಪತ್ತು ಮನೆಗಳಿಗೊಂದು ಶಾಲೆ; ಅದಕ್ಕೆ ತೋಟದ ಶಾಲೆ ಎನ್ನುತ್ತಾರೆ. ಶಾಲೆಯ ಪುಸ್ತಕದ ಕಪಾಟನ್ನು ಸರಿಪಡಿಸಿಕೊಡಬೇಕೆಂದು ಅವರು ಬೇಸಿಗೆಯಲ್ಲೇ ಕಾಗದ ಬರೆದಿದ್ದರು. ನನ್ನ ಅರ್ಜಿಯಲ್ಲಿದ್ದ 'ಸೇವೆ' ಎಂಬ ಪದದ ಅರ್ಥ ಅಷ್ಟು. ಕೇಳಿದ್ದರೆ ಕಾರ್ಯದರ್ಶಿಗಳಿಗೂ ಹೇಳುತ್ತಿದ್ದೆ.

ಮೂವತ್ತು ಕಿಲೋಮೀಟರಿನ ದಾರಿ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿನಿಯರು ಪ್ಲಾಸ್ಟಿಕ್ ಚೀಲದಲ್ಲಿ ಬೇರು ಕಟ್ಟಿದ ಗುಲಾಬಿ ಸಸಿಗಳನ್ನು ಹಿಡಿದು ಹತ್ತಿದರು. ಒಂದು ಸಸಿಯನ್ನು ನನ್ನ ತೊಡೆಯ ಮೇಲೆ ಇಡಲು ಕೇಳಿದರು. ಮೂಡಲಗಿಯ ತನಕ ಅದರ ಮುಳ್ಳು ನನ್ನ ಸೀರೆಗೆ ಸಿಕ್ಕಿಕೊಂಡೇ ಇತ್ತು. ನಮ್ಮ ಕಾಲೇಜಿನ ಮಾಲಿ ಯಲ್ಲಪ್ಪ ಈ ಸಸಿಗಳನ್ನು ನೋಡಿದ್ದರೆ ಸಂತೋಷಪಡುತ್ತಿದ್ದ ಎಂದುಕೊಂಡೆ. ಆತನ ಹೆಸರು ಅಲ್ಲಿ ಏಕೆ ನೆನಪಾಯಿತೋ, ಆಗ ಯೋಚಿಸಲಿಲ್ಲ.

ಮೂಡಲಗಿಯಲ್ಲಿ ಹೆಡ್ ಮಾಸ್ತರರ ಮನೆಯಲ್ಲೇ ವಸತಿ. ದಿನವೂ ಬೆಳಿಗ್ಗೆ ಟಂಟಂ ಆಟೋದಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಕಬ್ಬಿನ ನಡುವಿನ ದಾರಿಯಲ್ಲಿ ಶಾಲೆಗೆ ಹೋಗುವುದು. ಮೊದಲ ದಿನ ಮಾಸ್ತರರು ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದರು. ಅದರ ಬಾಯಿಗೆ ಅರಗಿನ ಮೊಹರು. ಒಳಗೆ ಕಪಾಟಿನ ಕೀಲಿಕೈ. ಜೊತೆಗೆ 'ಚಾರ್ಜ್ ಪಟ್ಟಿ': ಪುಸ್ತಕಗಳು ನೂರಾ ನಲವತ್ತು, ಎಲ್ಲವೂ ಸುಸ್ಥಿತಿಯಲ್ಲಿವೆ. ಕೆಳಗೆ ಮೂವರು ಮುಖ್ಯೋಪಾಧ್ಯಾಯರ ಸಹಿ. ಒಂದು ಪುಸ್ತಕ ಕಳೆದರೂ ವರ್ಗಾವಣೆಯ ಕಾಲಕ್ಕೆ ತಾವೇ ಜವಾಬ್ದಾರರಾಗಬೇಕಾಗುತ್ತದೆಂದು ಮೂವರೂ ಕಪಾಟು ತೆರೆದಿರಲಿಲ್ಲ. ಲಕೋಟೆಯನ್ನು ಲಕೋಟೆಯಾಗಿಯೇ ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದರು. ಇವರು ನಾಲ್ಕನೆಯವರು. ನನ್ನೆದುರೇ ಮೊಹರು ಒಡೆದರು.

ಬಾಗಿಲು ತೆರೆದಾಗ ಕೆಳಗಿನ ಖಾನೆ ಇರಲೇ ಇಲ್ಲ. ಪುಸ್ತಕಗಳ ಆಕಾರದಲ್ಲಿ ಗೆದ್ದಲಿನ ಮಣ್ಣು ನಿಂತಿತ್ತು. ಕೈಯಿಟ್ಟರೆ ಕುಸಿಯಿತು. ಮೇಲಿನ ಮೂರು ಖಾನೆಗಳಲ್ಲಿ ಒದ್ದೆ, ಹುಳು, ಒಂದಕ್ಕೊಂದು ಅಂಟಿದ ರಟ್ಟುಗಳು. ಮಾಸ್ತರರು ಪಟ್ಟಿಯನ್ನೂ ಮಣ್ಣನ್ನೂ ನೋಡುತ್ತ ನಿಂತರು. ನಾನು ಸೆರಗು ಸಿಕ್ಕಿಸಿ ಎಣಿಸಿದೆ. ಉಳಿಸಬಹುದಾದವು ತೊಂಬತ್ತಾರು.

ಪುಸ್ತಕ ಕಟ್ಟಲು ಮೈದಾಹಿಟ್ಟಿನ ಅಂಟು ಬೇಕು. ನಮ್ಮ ಕಡೆ ಅದಕ್ಕೆ ಖಳಿ ಎನ್ನುತ್ತೇವೆ. ಹುಳು ಬೀಳದಂತೆ ಚಿಟಿಕೆ ಮೈಲುತುತ್ತು ಹಾಕಿ, ಗಂಟಾಗದಂತೆ ತಿರುವಿ ಕುದಿಸಬೇಕು. ನನ್ನ ಖಳಿ ಮೊದಲ ದಿನವೇ ಗಂಟಾಯಿತು, ಬೇರೆಯವರ ಒಲೆ ಎಂಬುದು ನನ್ನ ನೆಪ. ಶಾಲೆಯ ಬಿಸಿಯೂಟದ ಅಡುಗೆಯ ರಮಾಬಾಯಿ ಅದನ್ನು ನೋಡಿ ಸೌಟು ಕಸಿದುಕೊಂಡರು. "ಸರೀರಿ ಅಕ್ಕಾರ. ನಾ ಅರವತ್ತು ಮಂದಿಗೆ ಉಪ್ಪಿಟ್ಟ ತಿರುವಾಕಿ. ಇದೇನ್ ಮಹಾ," ಎಂದರು. ಆಕೆಗೆ ನಲವತ್ತೈದರ ಆಸುಪಾಸು. ಏಳನೆಯ ತರಗತಿ ಓದಿ ಬಿಟ್ಟವರು. ಬೆಳಿಗ್ಗೆ ಶಾಲೆಯ ಅಡುಗೆ, ಮಧ್ಯಾಹ್ನದ ಮೇಲೆ ಕಬ್ಬಿನ ಹೊಲದಲ್ಲಿ ಕಳೆ. ಅಂದಿನಿಂದ ಪಾತ್ರೆ ತೊಳೆದಾದ ಮೇಲೆ ಒಂದು ತಾಸು ಅವರು ನನ್ನ ಎದುರು ಕೂರತೊಡಗಿದರು. ನಾನು ಹೊಲಿಯುವುದು, ಅವರು ಖಳಿ ಹಚ್ಚಿ ಬೀಸುಕಲ್ಲಿನ ಕೆಳಗಿಡುವುದು. ಕೆಲಸದ ನಡುವೆ ನನ್ನ ರಜೆಯ ಕತೆ, ಕೆಂಪು ಶಾಯಿ, ಜವಳದ ಪತ್ರಿಕೆ ಎಲ್ಲ ಹೇಳಿದೆ. ಅವರು ನಡುನಡುವೆ ನಕ್ಕರು. ರಜೆ ಎಂದರೆ ತಮಗೆ ಮಳೆ ಹಿಡಿದ ದಿನ, ಅಂದು ಕೂಲಿಯೂ ಇಲ್ಲ ಎಂದರು. ಇದನ್ನು ಅವರು ದೂರೆಂದು ಹೇಳಲಿಲ್ಲ. ನಾನು ದೂರೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ದಿನ ಊಟಕ್ಕೆ ತಮ್ಮ ಮನೆಗೆ ಕರೆದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಕೆಳಗೆ ಹಲಗೆಯ ಮೇಲೆ ಒರೆಸಿಟ್ಟ ಏಳನೆಯ ತರಗತಿಯ ಅಂಕಪಟ್ಟಿಯ ಚೌಕಟ್ಟು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸಂಜೆ ಮಾಸ್ತರರ ಪತ್ನಿ ಧ್ವನಿ ತಗ್ಗಿಸಿ, "ಅಲ್ಲೇ ಉಂಡ್ರ್ಯಾ?" ಎಂದು ಕೇಳಿದರು. ಉಂಡೆ, ದಿನಕ್ಕಿಂತ ಎರಡು ರೊಟ್ಟಿ ಹೆಚ್ಚಿಗೆ ಎಂದೆ. ಆಮೇಲೆ ಮಾಸ್ತರರ ಮನೆಯಲ್ಲಿ ನನ್ನ ಚಹಕ್ಕೆ ಬೇರೆ ಬಟ್ಟಲು ಬರತೊಡಗಿತು. ನಾನು ಗಮನಿಸಿದೆ ಎಂಬುದು ಅವರಿಗೂ ತಿಳಿಯಲೆಂದು ಅದನ್ನು ದಿನವೂ ಎತ್ತಿ ಬೆಳಕಿಗೆ ಹಿಡಿದು ನೋಡಿ ಕುಡಿದೆ.

ಹನ್ನೆರಡನೆಯ ದಿನಕ್ಕೆ ತೊಂಬತ್ತಾರೂ ಪುಸ್ತಕಗಳು ಕಟ್ಟಿ ಒಣಗಿದ್ದವು. ಎರವಲು ಕೊಡುವ ವಹಿಯನ್ನು ನಾನೇ ಗೆರೆ ಹಾಕಿ ಸಿದ್ಧಪಡಿಸಿದೆ. ಮೊದಲ ಓದುಗರಾಗಿ ರಮಾಬಾಯಿಯನ್ನೇ ಕರೆದೆ. ಅವರು ನಕ್ಷತ್ರಗಳ ಕುರಿತ ಚಿತ್ರಪುಸ್ತಕವೊಂದನ್ನು ಆರಿಸಿಕೊಂಡು, ಕೈಯನ್ನು ಸೀರೆಗೆ ಒರೆಸಿ ಪೆನ್ನು ಹಿಡಿದರು. ಹೆಸರು ಬರೆದರು, ಪುಸ್ತಕದ ಹೆಸರು ಬರೆದರು, ದಿನ ಬರೆದರು. ಆಮೇಲೆ ಪೆನ್ನು ನಿಂತಿತು.

"ಇಲ್ಲಿ ಏನ ಬರೀಲ್ರಿ?"

ನಾನು ಬಗ್ಗಿ ನೋಡಿದೆ. ನಾಲ್ಕನೆಯ ಅಂಕಣದ ತಲೆಯ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ 'ಕಾರಣ' ಎಂದಿತ್ತು. ಯಾಕೆ ಬೇಕು ಎಂಬುದನ್ನು ಬರೆಯಬೇಕು ಎಂದೆ. ರಮಾಬಾಯಿ ನನ್ನ ಮುಖ ನೋಡಿದರು.

"ಅಕ್ಕಾರ, ನಿಮಗ ಇದನ್ನ ಕೇಳಿದ್ದಕ್ಕ ನೀವು ಹನ್ನೆರಡ ದಿನ ಬೈದೀರಿ. ನನಗ ನೀವ ಕೇಳಾಕತ್ತೀರಲ್ಲ. ನೋಡಬೇಕನಸೇತಿ, ಅದಕ್ಕ ಬೇಕ್ರಿ."

ಯಲ್ಲಪ್ಪ ಆಗ ಪೂರ್ತಿ ನೆನಪಾದ. ನಮ್ಮ ಗ್ರಂಥಾಲಯದಲ್ಲೊಂದು ಬೀಗ ಹಾಕಿದ ಕಪಾಟಿದೆ. ಹಳೆಯ, ಬೆಲೆಬಾಳುವ ಪುಸ್ತಕಗಳಿಗಾಗಿ. ಅದರಿಂದ ಪುಸ್ತಕ ಬೇಕಾದವರು ಒಂದು ಚೀಟಿ ತುಂಬಬೇಕು. ಚೀಟಿಯ ನಮೂನೆ ನಾನೇ ತಯಾರಿಸಿದ್ದು. ಹನ್ನೊಂದು ವರ್ಷದ ಹಿಂದೆ ಮಾಲಿ ಯಲ್ಲಪ್ಪ ಅಲ್ಲಿದ್ದ ಗುಲಾಬಿಗಳ ವರ್ಣಚಿತ್ರದ ಪುಸ್ತಕ ಕೇಳಿದ್ದ. ಕಾರಣದ ಕಾಲಂನಲ್ಲಿ 'ನೋಡುವ ಆಸೆ' ಎಂದು ಬರೆದಿದ್ದ. ನಾನು ಅದನ್ನು ಮರಳಿಸಿದ್ದೆ. ಕೆಂಪು ಶಾಯಿಯಲ್ಲಿ ಬರೆದದ್ದು ನೆನಪಾಯಿತು: 'ಇದು ಕಾರಣವಲ್ಲ.' ನನಗಾದ ಅವಮಾನಗಳೆಲ್ಲ ವಾರ, ತಿಥಿ ಸಹಿತ ನೆನಪಿರುವ ನನಗೆ ನಾನು ಮಾಡಿದ ಈ ಒಂದು ಅವಮಾನ ನೆನಪಿಗೆ ಬರಲು ಒಂದು ಅಡುಗೆಯಾಕೆ ಬೇಕಾಯಿತು.

ಸ್ಕೇಲು ಇಟ್ಟು ನಾಲ್ಕನೆಯ ಅಂಕಣವನ್ನು ಪ್ರತಿ ಪುಟದಲ್ಲೂ ಹೊಡೆದುಹಾಕಿದೆ. ಐವತ್ತು ಹಾಳೆ. ರಮಾಬಾಯಿ ಕುಳಿತು ಪುಟ ತಿರುವಿಕೊಟ್ಟರು.

ಹೊರಡುವ ಮುನ್ನಾದಿನ ಮಾಸ್ತರರು ಶಾಲೆಯ ಶಿರೋನಾಮೆಯ ಹಾಳೆ ತೆಗೆದರು. ನನ್ನ ದಾಖಲೆಯ ಚಿಂತೆ ಅವರಿಗೂ ತಿಳಿದಿತ್ತು. ಇಲ್ಲಿ ಎರಡು ವಾರದ ತರಬೇತಿ ಶಿಬಿರ ನಡೆಯಿತೆಂದೂ ನಾನು ಅದರಲ್ಲಿ ಭಾಗವಹಿಸಿದೆನೆಂದೂ ಬರೆದುಕೊಡುವುದಾಗಿ ಹೇಳಿದರು. ಶಿಬಿರ ನಡೆದಿಲ್ಲ, ಆದದ್ದನ್ನೇ ಬರೆಯಿರಿ. ಹರಿದ ತೊಂಬತ್ತಾರು ಪುಸ್ತಕ ಕಟ್ಟಿಕೊಟ್ಟರು ಎಂದು ಬರೆಯಿರಿ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಅದ ಹೆಂಗ ಬರೀಲ್ರಿ? ಹರದಿದ್ವು ಅಂದ್ರ, ಯಾರ ಕಾಲಕ್ಕ ಹರದ್ವು ಅಂತಾರ. ಚಾರ್ಜ್ ಪಟ್ಟಿಯೊಳಗ ಎಲ್ಲಾ ಸುಸ್ಥಿತಿ ಐತಿ. ಸುಸ್ಥಿತಿ ಇದ್ದದ್ದನ್ನ ನೀವ್ಯಾಕ ಹೊಲದ್ರಿ?"

ಅವರು ಒಳ್ಳೆಯವರು. ಮೊಹರು ಒಡೆದ ಧೈರ್ಯವಂತರೂ ಹೌದು. ಆದರೆ ನನಗಾಗಿ ಸುಳ್ಳನ್ನು ಬರೆಯಲು ಅವರಿಗೆ ಅಡ್ಡಿಯಿರಲಿಲ್ಲ, ನಿಜವನ್ನು ಬರೆಯಲು ಇತ್ತು. ಹಾಳೆಯನ್ನು ನಾನೇ ಮಡಚಿ ಅವರ ಖಾನೆಗೆ ಮರಳಿಸಿದೆ.

ಬಸ್ ನಿಲ್ದಾಣಕ್ಕೆ ರಮಾಬಾಯಿ ಹೊಲದ ಕೆಲಸ ಬಿಟ್ಟು ಬಂದಿದ್ದರು. ನೋಟುಬುಕ್ಕಿನ ಹಾಳೆ ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟರು. ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು: 'ಗಿರಿಜಾ ಅಕ್ಕಾರು ನಮ್ಮ ಸಾಲಿಯಾಗ ಹದಿನಾಲ್ಕು ದಿನ ಇದ್ದರು. ಹರಿದ ಪುಸ್ತಕ ಹೊಲಿದರು. ನಾನು ಕೂಡ ಖಳಿ ಹಚ್ಚಿದೆ. ದಣಿದು ಬಂದಿದ್ದರು. ಹೋಗುವಾಗ ಚೊಲೋ ಇದ್ದರು.' ಕೆಳಗೆ ಸಹಿ. ಈ ಚೀಟಿ ನಡೆಯಿತೋ ಇಲ್ಲವೋ ತಿಳಿಸಬೇಕೆಂದು ಮಾತು ತೆಗೆದುಕೊಂಡರು. ತಿಳಿಸುವೆನೆಂದೆ.

ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ತಲುಪಿದಾಗ ಮಧ್ಯಾಹ್ನ ಎರಡು. ನನ್ನ ಚಿಕ್ಕಮ್ಮನ ಮಗ ಶಿವಲಿಂಗ ಅಲ್ಲಿ ದವಾಖಾನೆ ಇಟ್ಟಿರುವ ವೈದ್ಯ. ಅವನ ಮನೆಯಲ್ಲಿ ಆರು ದಿನ ಇದ್ದೆ. ಒಂದು ಸಂಜೆ ಊರಿನ ಹಳೆಯ ಗುಮ್ಮಟಗಳ ಕಡೆ ನಡೆದೆ. ಮಳೆ ನಿಂತಿತ್ತು, ಕಲ್ಲಿನ ಮೇಲೆ ಹುಲ್ಲು ಹಸಿರಾಗಿತ್ತು, ಒಬ್ಬಾಕೆ ಅಲ್ಲಿ ಎರಡು ಮೇಕೆಗಳನ್ನು ಕಟ್ಟಿದ್ದಳು. ಒಳಗಿನ ಗೋರಿಯಲ್ಲಿ ಮಲಗಿದವರ ಹೆಸರನ್ನು ಮೇಕೆಯವಳಿಗೆ ಕೇಳಿದೆ. ಯಾರೋ ದೊಡ್ಡ ಸಾಹೇಬರು, ಈಗ ತ್ರಾಸು ಕೊಡುವುದಿಲ್ಲ ಎಂದಳು. ಮತ್ತೊಂದು ದಿನ ನಿಡಸೋಸಿಗೆ ಹೋಗಿ ಮಠದ ದಾಸೋಹದಲ್ಲಿ ಉಂಡೆ. ಹುಗ್ಗಿ, ಅನ್ನ, ಸಾರು. ನನ್ನ ಎಡಕ್ಕೆ ಎಂಜಿನಿಯರಿಂಗ್ ಓದುವ ಹುಡುಗಿಯರು, ಬಲಕ್ಕೆ ಒಬ್ಬ ಲಾರಿ ಚಾಲಕ. ಯಾರು, ಏಕೆ ಬಂದಿರಿ ಎಂದು ಬಡಿಸುವವರು ಒಬ್ಬರನ್ನೂ ಕೇಳಲಿಲ್ಲ. ಇನ್ನೂ ಬೇಕೇ ಎಂದಷ್ಟೇ ಕೇಳಿದರು.

ಹುಕ್ಕೇರಿಯ ಮೂರನೆಯ ದಿನ, ಸೋಮವಾರ, ಕಚೇರಿ ಅಧೀಕ್ಷಕರ ಫೋನು ಬಂತು. ದವಾಖಾನೆಯ ಬೆಂಚಿನ ಮೇಲೆ ಕುಳಿತಿದ್ದೆ. ಗುರುವಾರ ಪರಿಶೀಲನಾ ತಂಡ ಬರುತ್ತದಂತೆ. ಗ್ರಂಥಾಲಯದಲ್ಲಿ ಏನೂ ಸಿಗುತ್ತಿಲ್ಲವಂತೆ. ನನ್ನ ಎಂಟು ಪುಟದ ಟಿಪ್ಪಣಿಯನ್ನು ಓದಿದಿರಾ ಎಂದು ಕೇಳಿದೆ. ಅದು ಎಲ್ಲಿದೆಯೋ ನೋಡಬೇಕೆಂದರು.

"ಬುಧವಾರ ಬಂದ್ಬಿಡ್ರಿ ಅಕ್ಕಾವರ. ಬರೂಮುಂದ ಯಾವುದರ ಡಾಕ್ಟರ್ ಚೀಟಿ ಒಂದ ತಗೊಂಡು ಬರ್ರಿ. ಗೈರುಹಾಜರಿ ಹಾಕಂಗಿಲ್ಲ, ನಾ ನೋಡ್ಕೋತೀನಿ."

"ನನ್ನ ರಜಾಕ್ಕ ಕಾರಣ ಇಲ್ಲಂತ ಬರದವರು ನಿಮ್ಮ ಕಾರ್ಯದರ್ಶಿಗಳು. ಕಾರಣ ಇಲ್ಲದ ಹೋದಾಕಿನ್ನ ಕರಸಾಕ ನಿಮಗೇನ ಕಾರಣರಿ? ಶುಕ್ರವಾರ ನನ್ನ ರಜಾ ಮುಗೀತದ. ಶನಿವಾರ ಬರ್ತೀನಿ."

ಫೋನು ಇಟ್ಟ ಮೇಲೆ ಶಿವಲಿಂಗ ತನ್ನ ಮುದ್ರೆ, ಹಾಳೆ ತೆಗೆದು ಮೇಜಿನ ಮೇಲಿಟ್ಟ. "ಅಕ್ಕಾ, ಬಿ.ಪಿ. ಅಂತ ಬರೀತೇನಿ. ಸುಳ್ಳೂ ಅಲ್ಲ. ಇಂಥಾವರ ಸಂಗಾಟ ಇಪ್ಪತ್ತೊಂಬತ್ತ ವರ್ಷ ಇದ್ದವರಿಗೆ ಬಿ.ಪಿ. ಇರಾಕಬೇಕು," ಎನ್ನುತ್ತ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ. ಎರಡು ಸಲ ನೋಡಿದ. ಆಮೇಲೆ ಪಟ್ಟಿ ಬಿಚ್ಚಿ, "ನಿಂದು ನನಗಿಂತ ಚೊಲೋ ಐತಲ್ಲ," ಎಂದ. ಆದರೂ ಬರೆಯಲು ಸಿದ್ಧನಿದ್ದ. ಒಂದು ಸಹಿ ಬಿದ್ದರೆ ನನ್ನ ಸೇವಾ ಪುಸ್ತಕ ಶುಭ್ರವಾಗಿಯೇ ಉಳಿಯುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆ ಹಾಳೆಯನ್ನು ಚಹ ಕುಡಿದು ಮುಗಿಯುವ ತನಕ ನೋಡಿದೆ. ಕೊನೆಗೆ ಬಟ್ಟಲನ್ನು ಅದರ ಮೇಲೆಯೇ ಇಟ್ಟೆ. ದುಂಡನೆಯ ಗುರುತು ಬಿತ್ತು. ಇದನ್ನು ಬೇಕೆಂದೇ ಮಾಡಿದೆ.

ಶುಕ್ರವಾರ ಹುಕ್ಕೇರಿಯಿಂದ ಬೆಳಗಾವಿ, ಅಲ್ಲಿಂದ ಧಾರವಾಡ. ಎರಡು ಸೊನ್ನೆ ಟಿಕೆಟ್. ಬಸ್ಸು ಹೊರಡುವಾಗ ಹಿಂತಿರುಗಿ ನೋಡಿದೆ. ಗುಮ್ಮಟಗಳು ಕಾಣುವಷ್ಟು ಕಂಡವು, ಆಮೇಲೆ ಕಬ್ಬು ಅಡ್ಡ ಬಂತು.

ಶನಿವಾರ ಬೆಳಿಗ್ಗೆ ಕಚೇರಿಗಿಂತ ಮೊದಲು ಗ್ರಂಥಾಲಯಕ್ಕೆ ಹೋದೆ. ಹಳೆಯ ಚೀಟಿಗಳ ಕಡತ ತೆಗೆದರೆ ಯಲ್ಲಪ್ಪನದು ಅಲ್ಲೇ ಇತ್ತು. ನಾನು ಏನನ್ನೂ ಎಸೆಯುವವಳಲ್ಲ. ಗುಲಾಬಿಯ ಪುಸ್ತಕವನ್ನೂ ಆ ಚೀಟಿಯನ್ನೂ ಹಿಡಿದು ತೋಟಕ್ಕೆ ಹೋದೆ. ಆತ ಪೈಪು ಹಿಡಿದು ನಿಂತಿದ್ದ. ತಪ್ಪಾಯಿತು ಎಂದು ಹೇಳಿ, ಈ ಚೀಟಿ ನೆನಪಿದೆಯೇ ಎಂದು ಕೇಳಿದೆ.

"ನೆನಪೈತ್ರಿ. ಅವತ್ತು ಮಂಗಳವಾರ," ಎಂದ ಯಲ್ಲಪ್ಪ. ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಇರಲಿ ಬಿಡಿ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆಮೇಲೆ ಕಚೇರಿ. ಸಮರ್ಪಕ ದಾಖಲೆಯೆಂದು ರಮಾಬಾಯಿಯ ಚೀಟಿಯನ್ನು ಒಪ್ಪಿಸಿದೆ. ಅಧೀಕ್ಷಕರು ಅದನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ಹೋದರು. ಅರ್ಧ ಗಂಟೆಯ ನಂತರ ಸೇವಾ ಪುಸ್ತಕ ಹೊರಗೆ ಬಂತು. ಅಡುಗೆಯವಳ ಪೆನ್ಸಿಲು ಚೀಟಿ ದಾಖಲೆಯಾಗದು ಎಂದು ಟಿಪ್ಪಣಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಒಂದು ತಿಂಗಳು ಗೈರುಹಾಜರಿ. ಸಹಿ ಮಾಡಲು ಹೇಳಿದರು. ನಾನು ಕಪ್ಪು ಶಾಯಿಯಲ್ಲಿ 'ಓದಿದ್ದೇನೆ, ಒಪ್ಪಿಲ್ಲ' ಎಂದು ಬರೆದು ಸಹಿ ಮಾಡಿದೆ. ಚೀಟಿಯನ್ನು ಮರಳಿ ಪಡೆದೆ. ನಾನು ಬಾಗಿಲು ದಾಟುವಾಗ ದುಂಡಪ್ಪ ಅಧೀಕ್ಷಕರಿಗಾಗಿ ಕಪಾಟಿನ ಮೇಲಿನ ಕಟ್ಟು ಇಳಿಸುತ್ತಿದ್ದ. ಶ್ರಾವಣ ಬಂದಿತ್ತು, ಲಗ್ನಗಳು ಶುರುವಾಗಿದ್ದವು.

ಗ್ರಂಥಾಲಯದ ಚೀಟಿಯಿಂದ 'ಕಾರಣ'ದ ಕಾಲಂ ಅಂದೇ ತೆಗೆಸಿದ್ದೇನೆ. ಬೀಗದ ಕಪಾಟಿಗೂ ಅದು ಅನ್ವಯಿಸುತ್ತದೆ. ಅದಕ್ಕೆ ಆಡಳಿತ ಮಂಡಳಿಯ ಅನುಮತಿ ಕೇಳಿಲ್ಲ. ಈಗ ಉಳಿದಿರುವುದು ಒಂದೇ ಕೆಲಸ. ಮೂಡಲಗಿಯ ತೋಟದಲ್ಲಿ ರಮಾಬಾಯಿ ನನ್ನ ಫೋನಿಗಾಗಿ ಕಾಯುತ್ತಿದ್ದಾರೆ; ಚೀಟಿ ನಡೆಯಿತೋ ಇಲ್ಲವೋ ತಿಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಮಾನ್ಯ ಕಾರ್ಯದರ್ಶಿಗಳೇ, ಮಾನ್ಯ ಅಧೀಕ್ಷಕರೇ, ಆ ಐದು ವಾಕ್ಯಗಳಲ್ಲಿ ಯಾವುದು ಸುಳ್ಳಾಗಿತ್ತೆಂದು ನಾನು ಆಕೆಗೆ ಹೇಳಲಿ?